ಕಣ್ಣರೆಪ್ಪೆಯ ಗಂಟು: ಎಷ್ಟು ಶಾಖ, ಎಷ್ಟು ದಿನ, ಡಾಕ್ಟರ ಹತ್ತಿರ ಯಾವಾಗ

ನನ್ನ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಮೊದಲ ಸಲ ಗಂಟು ಎದ್ದದ್ದು ತಂಗಿಯ ಮದುವೆಗೆ ಎಂಟು ದಿನ ಇರುವಾಗ. ಬೆಳಿಗ್ಗೆ ಮುಖ ತೊಳೆಯುವಾಗ ಬೆರಳಿಗೆ ಹೆಸರುಕಾಳಿನಷ್ಟು ಗಟ್ಟಿಯಾದದ್ದೇನೋ ತಾಗಿತು. ನೋವಿಲ್ಲ, ಕೆಂಪಿಲ್ಲ. ಅಜ್ಜಿ ‘ಉಷ್ಣ ಆಗಿದೆ, ಎಳನೀರು ಕುಡಿ’ ಅಂದರು. ಚಿಕ್ಕಪ್ಪ ಬಂಗಾರದ ಉಂಗುರ ಉಜ್ಜಿ ಬಿಸಿ ಮಾಡಿ ಇಡು ಅಂದರು. ಮೆಡಿಕಲ್ ಶಾಪಿನವರು ‘ಇದು ಹಾಕಿ ಸಾರ್, ಎರಡು ದಿನಕ್ಕೆ ಇಳಿಯುತ್ತೆ’ ಎಂದು ಒಂದು ಡ್ರಾಪ್ಸ್ ಕೊಟ್ಟರು. ನಾನು ಮೂರನೆಯ ದಿನ ಕನ್ನಡಿ ಮುಂದೆ ನಿಂತು ಅದನ್ನು ಹಿಸುಕಿದೆ. ಮದುವೆಯ ಫೋಟೋಗಳಲ್ಲಿ ಇವತ್ತಿಗೂ ನನ್ನದು ಒಂದೂವರೆ ಕಣ್ಣು.

ಆಮೇಲೆ ಕಂಡ ಕಣ್ಣಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: ‘ಶಾಖ ಕೊಟ್ರಾ?’ ಕೊಟ್ಟೆ ಅಂದೆ. ‘ಎಷ್ಟು ಹೊತ್ತು?’ ನನ್ನ ಬಳಿ ಉತ್ತರ ಇರಲಿಲ್ಲ. ರೆಪ್ಪೆಯ ಗಂಟಿನ ಚಿಕಿತ್ಸೆಯ ಮುಕ್ಕಾಲು ಪಾಲು ಆ ‘ಎಷ್ಟು ಹೊತ್ತು’ ಎನ್ನುವುದರಲ್ಲಿದೆ. ಉಳಿದ ಕಾಲು ಪಾಲು, ಯಾವ ಗಂಟನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಗೊತ್ತಿರುವುದು. ನಾನು ವೈದ್ಯನಲ್ಲ. ಮೂರು ಸಲ ಇದನ್ನು ಅನುಭವಿಸಿ, ಪ್ರತಿ ಸಲವೂ ಡಾಕ್ಟರ ತಲೆ ತಿಂದು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ರೆಪ್ಪೆಯೊಳಗೆ ಏನಿದೆ

ರೆಪ್ಪೆ ಬರೀ ಚರ್ಮದ ಪರದೆಯಲ್ಲ. ಅದರೊಳಗೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಗಟ್ಟಿ ಪಟ್ಟಿಯೊಂದಿದೆ. ಆ ಪಟ್ಟಿಯಲ್ಲಿ ಉದ್ದುದ್ದಕ್ಕೆ ಜೋಡಿಸಿಟ್ಟ ಕೊಳವೆಗಳಂತೆ ಜಿಡ್ಡಿನ ಗ್ರಂಥಿಗಳಿವೆ. ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30. 1666ರಲ್ಲಿ ಇವುಗಳನ್ನು ವಿವರಿಸಿ ಬರೆದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಹೆಸರಿನಿಂದ ಮೈಬೋಮಿಯನ್ ಗ್ರಂಥಿ ಎನ್ನುತ್ತಾರೆ. ಇವುಗಳ ಬಾಯಿ ತೆರೆಯುವುದು ರೆಪ್ಪೆಗೂದಲಿನ ಸಾಲಿನ ಹಿಂದೆ, ರೆಪ್ಪೆಯ ಅಂಚಿನಲ್ಲಿ. ಕಣ್ಣು ಮಿಟುಕಿಸಿದಾಗಲೆಲ್ಲ ಒಂದಿಷ್ಟು ಜಿಡ್ಡು ಹೊರಬಂದು ಕಣ್ಣೀರಿನ ಮೇಲೆ ತೆಳ್ಳಗೆ ಹರಡುತ್ತದೆ. ಅದು ಇಲ್ಲದಿದ್ದರೆ ಕಣ್ಣೀರು ಬೇಗ ಆರಿ ಕಣ್ಣು ಉರಿಯುತ್ತದೆ.

ಚಳಿಗಾಲದಲ್ಲಿ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಾಯಿಗೆ ಕಟ್ಟಿಕೊಳ್ಳುತ್ತದಲ್ಲ, ಈ ಗ್ರಂಥಿಗಳಲ್ಲಿಯೂ ಅದೇ ಆಗುತ್ತದೆ. ಜಿಡ್ಡು ದಪ್ಪಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ತುಂಬಿದ್ದು ಗ್ರಂಥಿ ಒಡೆದು ಸುತ್ತಲಿನ ಮಾಂಸಕ್ಕೆ ಸೋರುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ಸುತ್ತ ಗೋಡೆ ಕಟ್ಟುತ್ತದೆ. ನೋವಿಲ್ಲದ ಆ ಗಟ್ಟಿ ಗಂಟೇ ಕಲೇಜಿಯನ್. ಗ್ರೀಕ್ ಮೂಲದ ಈ ಹೆಸರಿನ ಅರ್ಥ ಪುಟ್ಟ ಆಲಿಕಲ್ಲು. ಇದರಲ್ಲಿ ಕೀವೂ ಇಲ್ಲ, ರೋಗಾಣುಗಳೂ ಇಲ್ಲ.

ಇನ್ನೊಂದು, ನಾವು ಕಣ್ಣಿನ ಕುರು, ಕಣ್ಣು ಕುಟಿಕೆ ಎಂದೆಲ್ಲ ಕರೆಯುವ ಸ್ಟೈ. ಇದು ಸೋಂಕು. ಸಾಮಾನ್ಯವಾಗಿ ಚರ್ಮದ ಮೇಲೆಯೇ ವಾಸವಿರುವ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ರೆಪ್ಪೆಗೂದಲಿನ ಬುಡದ ಪುಟ್ಟ ಗ್ರಂಥಿಗೆ ನುಗ್ಗಿ ಕೀವು ಮಾಡುತ್ತದೆ. ಕೆಲವೊಮ್ಮೆ ಒಳಗಿನ ಮೈಬೋಮಿಯನ್ ಗ್ರಂಥಿಗೇ ಸೋಂಕು ತಗಲುತ್ತದೆ, ಆಗ ನೋವು ಇನ್ನೂ ಜೋರು.

ಈ ವ್ಯತ್ಯಾಸ ಹೊಸದಾಗಿ ಕಂಡುಹಿಡಿದದ್ದೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ‘ಅಂಜನನಾಮಿಕಾ’ ಎಂದರೆ ಉರಿಯುವ, ಚುಚ್ಚುವ, ತಾಮ್ರದ ಬಣ್ಣದ ಗುಳ್ಳೆ. ‘ಲಗಣ’ ಎಂದರೆ ಮಾಗದ, ನೋವಿಲ್ಲದ, ಬೋರೆಹಣ್ಣಿನ ಗಾತ್ರದ ಗಟ್ಟಿ ಗಂಟು. ಇವತ್ತು ಡಾಕ್ಟರು ಮೊದಲು ನೋಡುವುದೂ ಅದನ್ನೇ.

ಮೊದಲ ಹೆಜ್ಜೆ: ನಿಮ್ಮದು ಯಾವುದು

ಕೈ ಸೋಪಿನಿಂದ ತೊಳೆದು, ಕಿಟಕಿ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಕಣ್ಣು ಮುಚ್ಚಿ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಮುಟ್ಟಿದರೆ ಹಾಯ್ ಎನ್ನುವಷ್ಟು ನೋವು, ಎರಡು ದಿನದಲ್ಲೇ ಎದ್ದದ್ದು, ಕೆಂಪಗಿದೆ, ರೆಪ್ಪೆಗೂದಲಿನ ಬುಡದಲ್ಲಿ ಹಳದಿ ಮೊನೆ ಕಾಣುತ್ತಿದೆ ಎಂದರೆ ಅದು ಕುರು. ಅಂಚಿನಿಂದ ಸ್ವಲ್ಪ ದೂರದಲ್ಲಿ, ಒಳಗೆ ಕಾಳು ಹುದುಗಿಸಿಟ್ಟ ಹಾಗೆ, ಮೇಲಿನ ಚರ್ಮವನ್ನು ಅದರ ಮೇಲೆ ಸರಾಗವಾಗಿ ಸರಿಸಬಹುದು, ನೋವಿಲ್ಲ ಎಂದರೆ ಬಹುಪಾಲು ಕಲೇಜಿಯನ್. ಕುರು ಆಗಿ ಶುರುವಾದದ್ದು ನೋವು ಇಳಿದ ಮೇಲೆ ಕಲೇಜಿಯನ್ ಆಗಿ ಉಳಿಯುವುದೂ ಉಂಟು.

ಎರಡೂ ಅಲ್ಲದವು ಕೆಲವಿವೆ. ಮೂಗಿನ ಕಡೆಯ ಮೂಲೆಯಲ್ಲಿ ಚಪ್ಪಟೆಯಾದ ಹಳದಿ ಮಚ್ಚೆಗಳು ಕ್ಸಾಂಥೆಲಾಸ್ಮಾ. ಕಣ್ಣಿಗೆ ತೊಂದರೆ ಇಲ್ಲ, ಆದರೆ ಇವು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತದಲ್ಲಿ ಕೊಬ್ಬು ಹೆಚ್ಚಿರುತ್ತದೆ. ಕಣ್ಣಿಗಿಂತ ಮೊದಲು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ನೀರು ತುಂಬಿದ ಮಣಿಯಂತೆ ಅಂಚಿನಲ್ಲಿ ಕೂತದ್ದು ಬೆವರಿನ ಗ್ರಂಥಿಯ ಚೀಲ. ರವೆಯಷ್ಟು ಬಿಳಿ ಕಾಳುಗಳು ಮಿಲಿಯಾ. ಮಕ್ಕಳಲ್ಲಿ ನಡುವೆ ಗುಳಿ ಇರುವ ಮುತ್ತಿನಂಥ ಗುಳ್ಳೆಗಳು ವೈರಸ್‌ನಿಂದ ಬರುವ ಮೊಲಸ್ಕಂ. ಇದು ರೆಪ್ಪೆಯ ಅಂಚಿನಲ್ಲಿದ್ದರೆ ಕಣ್ಣು ಪದೇಪದೇ ಕೆಂಪಾಗುತ್ತದೆ. ಇನ್ನು ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಕೆಳಗೆ ಕೆಂಪಗೆ ಊದಿ ನೋಯುತ್ತಿದ್ದರೆ ಅದು ರೆಪ್ಪೆಯದ್ದೇ ಅಲ್ಲ, ಕಣ್ಣೀರಿನ ಚೀಲದ ಸೋಂಕು. ಇದಕ್ಕೆ ಶಾಖ ಕೊಡುತ್ತ ಮನೆಯಲ್ಲಿ ಕೂರಬೇಡಿ.

ಎರಡನೆಯ ಹೆಜ್ಜೆ: ಶಾಖ, ಸರಿಯಾಗಿ

ಕುರುವಿಗೂ ಕಲೇಜಿಯನ್‌ಗೂ ಮೊದಲ ಮದ್ದು ಇದೇ. ಕುರುವಿನಲ್ಲಿ ಶಾಖದಿಂದ ಕೀವು ಬೇಗ ಮೊನೆಗೆ ಬಂದು ತಾನಾಗಿ ಒಡೆಯುತ್ತದೆ. ಕಲೇಜಿಯನ್‌ನಲ್ಲಿ ಕಟ್ಟಿಕೊಂಡ ಜಿಡ್ಡು ಕರಗುತ್ತದೆ. ಆ ಜಿಡ್ಡು ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅದೂ ರೆಪ್ಪೆಯ ಆಳಕ್ಕೆ ಇಳಿಯಬೇಕು. ಅಂಗೈ ಉಜ್ಜಿ ಇಟ್ಟ ಬಿಸಿ, ಉಂಗುರದ ಬಿಸಿ ಅರ್ಧ ನಿಮಿಷದಲ್ಲಿ ಆರಿಹೋಗುತ್ತದೆ. ಅಜ್ಜಿಯರ ದಾರಿ ಸರಿಯೇ ಇತ್ತು, ಹೊತ್ತು ಸಾಲದು.

ನಾನು ಮಾಡುವುದು ಹೀಗೆ. ಹಳೆಯ ಹತ್ತಿ ಪಂಚೆಯಿಂದ ಅಂಗೈಯಗಲದ ಎರಡು ತುಂಡು ಕತ್ತರಿಸಿ, ಒಗೆದು ಒಣಗಿಸಿ ಇಟ್ಟುಕೊಂಡಿದ್ದೇನೆ. ಪಾತ್ರೆಯಲ್ಲಿ ಕುದಿಸಿದ ನೀರಿಗೆ ತಣ್ಣೀರು ಬೆರೆಸಿ, ಮಗುವಿಗೆ ಎರೆಯುವ ನೀರಿಗಿಂತ ತುಸು ಹೆಚ್ಚು ಬಿಸಿ ಇರುವಂತೆ ಮಾಡುತ್ತೇನೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದ್ದಿ, ಹಿಂಡಿ, ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡುತ್ತೇನೆ. ಅಲ್ಲಿ ಸುಡದಿದ್ದರೆ ಮುಚ್ಚಿದ ಕಣ್ಣಿನ ಮೇಲೆ. ಒತ್ತುವುದಿಲ್ಲ, ಸುಮ್ಮನೆ ಇಡುವುದು. ಒಂದೂವರೆ, ಎರಡು ನಿಮಿಷಕ್ಕೆ ಬಟ್ಟೆ ತಣ್ಣಗಾಗುತ್ತದೆ. ಅಷ್ಟರಲ್ಲಿ ಇನ್ನೊಂದು ತುಂಡು ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ. ಹೀಗೆ ಬದಲಾಯಿಸುತ್ತ ಹತ್ತು ನಿಮಿಷ. ನಡುವೆ ಪಾತ್ರೆಗೆ ಒಂದು ಲೋಟ ಬಿಸಿನೀರು ಸೇರಿಸಬೇಕಾಗುತ್ತದೆ. ಗಡಿಯಾರ ನೋಡಲು ಕಣ್ಣು ಮುಚ್ಚಿದೆಯಲ್ಲ, ಅದಕ್ಕೇ ರೇಡಿಯೋದಲ್ಲಿ ಮೂರು ಹಳೆಯ ಹಾಡು ಮುಗಿಯುವವರೆಗೆ ಎಂದು ಲೆಕ್ಕ ಇಟ್ಟುಕೊಂಡಿದ್ದೇನೆ. ದಿನಕ್ಕೆ ನಾಲ್ಕು ಸಲ.

ನಾಲ್ಕು ಸಲ ಎಂದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆಫೀಸಿಗೆ ಹೋಗುವವರು ಬೆಳಿಗ್ಗೆ ಎದ್ದ ಕೂಡಲೇ, ಹೊರಡುವ ಮೊದಲು, ಬಂದ ಮೇಲೆ, ಮಲಗುವಾಗ ಎಂದು ಹಂಚಿಕೊಂಡರೆ ನಡೆಯುತ್ತದೆ. ಒದ್ದೆ ಬಟ್ಟೆಯ ಗೋಳು ಬೇಡ ಅನ್ನುವವರು ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಶುಭ್ರವಾದ ಹತ್ತಿ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿಕೊಳ್ಳಬಹುದು. ಬಿಸಿ ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಅಕ್ಕಿಯಲ್ಲಿ ಒಂದೆಡೆ ಬಿಸಿ, ಒಂದೆಡೆ ತಣ್ಣಗೆ ಇರುವುದರಿಂದ ಚೆನ್ನಾಗಿ ಕುಲುಕಿ, ಮಣಿಕಟ್ಟಿಗೆ ಇಟ್ಟು ನೋಡದೆ ಕಣ್ಣಿಗೆ ಒಯ್ಯಬೇಡಿ. ರೆಪ್ಪೆಯದು ದೇಹದಲ್ಲೇ ಅತಿ ತೆಳ್ಳಗಿನ ಚರ್ಮ. ಕಾವಲಿಯ ಮೇಲೆ ಬಟ್ಟೆ ಕಾಯಿಸಿ ನೇರ ಕಣ್ಣಿಗೆ ಒತ್ತಿ ಚರ್ಮ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಶಾಖ ಮುಗಿದ ತಕ್ಷಣ, ಜಿಡ್ಡು ಇನ್ನೂ ಬೆಚ್ಚಗಿರುವಾಗಲೇ ಮಸಾಜ್. ತಡವಾದರೆ ಅದು ಮತ್ತೆ ಗಟ್ಟಿಯಾಗುತ್ತದೆ. ಕಣ್ಣು ಮುಚ್ಚಿ, ಶುಭ್ರ ಬೆರಳಿನಿಂದ ಗಂಟಿನಿಂದ ಅಂಚಿನ ಕಡೆಗೆ ಮೆಲ್ಲಗೆ ನೀವಿ. ಮೇಲ್ರೆಪ್ಪೆಯಾದರೆ ಮೇಲಿನಿಂದ ಕೆಳಕ್ಕೆ, ಕೆಳರೆಪ್ಪೆಯಾದರೆ ಕೆಳಗಿನಿಂದ ಮೇಲಕ್ಕೆ. ಎಂಟು ಹತ್ತು ಸಲ ಸಾಕು. ಇದು ನೋವಿಲ್ಲದ ಗಂಟಿಗೆ ಮಾತ್ರ. ಕೀವು ತುಂಬಿ ನೋಯುತ್ತಿರುವ ಕುರುವಿಗೆ ಮಸಾಜ್ ಬೇಡ, ಶಾಖ ಸಾಕು.

ಮೂರನೆಯ ಹೆಜ್ಜೆ: ಅಂಚು ತೊಳೆಯುವುದು

ಪದೇಪದೇ ಗಂಟು ಬರುವವರ ರೆಪ್ಪೆಯಂಚನ್ನು ಹತ್ತಿರದಿಂದ ನೋಡಿದರೆ ರೆಪ್ಪೆಗೂದಲಿನ ಬುಡದಲ್ಲಿ ತಲೆಹೊಟ್ಟಿನಂಥ ಪುಡಿ ಕಾಣುತ್ತದೆ. ಇದು ಬ್ಲೆಫರೈಟಿಸ್, ಅಂದರೆ ಅಂಚಿನ ಉರಿಯೂತ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ಕಣ್ಣು ಕಡಿಯುತ್ತದೆ. ಇದನ್ನು ಬಿಟ್ಟು ಗಂಟಿಗೆ ಮಾತ್ರ ಮದ್ದು ಮಾಡಿದರೆ ತಿಂಗಳಿಗೊಂದು ಗಂಟು ಏಳುತ್ತಲೇ ಇರುತ್ತದೆ.

ಅರ್ಧ ಲೋಟ ಕುದಿಸಿ ಆರಿಸಿದ ಬೆಚ್ಚಗಿನ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಹಾಕಿ. ಇಯರ್ ಬಡ್ ಅದ್ದಿ, ಕಣ್ಣು ಮುಚ್ಚಿಕೊಂಡು ರೆಪ್ಪೆಗೂದಲಿನ ಬುಡದುದ್ದಕ್ಕೂ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒರೆಸಿ. ಪ್ರತಿ ರೆಪ್ಪೆಗೂ ಬೇರೆ ಬಡ್. ಆಮೇಲೆ ಶುದ್ಧ ನೀರಿನಿಂದ ತೊಳೆಯಿರಿ. ಗಂಟು ಇರುವಾಗ ದಿನಕ್ಕೆರಡು ಸಲ, ಹೋದ ಮೇಲೆ ದಿನಕ್ಕೊಂದು ಸಲ. ಮೆಡಿಕಲ್‌ಗಳಲ್ಲಿ ಇದಕ್ಕೆಂದೇ ವೈಪ್ಸ್ ಸಿಗುತ್ತವೆ, ಅನುಕೂಲ, ಆದರೆ ದುಬಾರಿ.

ಈ ದಿನಗಳಲ್ಲಿ ಕಾಡಿಗೆ, ಐಲೈನರ್, ಕಾಂಟ್ಯಾಕ್ಟ್ ಲೆನ್ಸ್ ಯಾವುದೂ ಬೇಡ. ಕುರು ಇದ್ದಾಗ ಬಳಸಿದ ಕಾಡಿಗೆ ಕಡ್ಡಿಯನ್ನು ಎಸೆದುಬಿಡಿ. ಮನೆಯ ಹೆಂಗಸರೆಲ್ಲ ಒಂದೇ ಡಬ್ಬಿಯಿಂದ ಕಾಡಿಗೆ ಹಚ್ಚಿಕೊಳ್ಳುವ ಪದ್ಧತಿ ಇದ್ದರೆ ಅದನ್ನೂ ಬಿಡಿ. ಮುಖ ಒರೆಸುವ ಟವೆಲ್ ಪ್ರತ್ಯೇಕ ಇರಲಿ, ದಿಂಬಿನ ಕವರ್ ಬದಲಾಗಲಿ.

ಮಾಡಬಾರದ್ದು

ಹಿಸುಕುವುದು, ಸೂಜಿಯಿಂದ ಚುಚ್ಚುವುದು ಇವೆರಡೂ ಬೇಡ. ಕಣ್ಣಿನ ಸುತ್ತಲಿನ ರಕ್ತನಾಳಗಳಲ್ಲಿ ಕೆಲವು ಕಣ್ಣಿನ ಗೂಡಿನ ಮೂಲಕ ಮಿದುಳಿನ ಬುಡದ ಕಡೆಗೂ ಹೋಗುತ್ತವೆ. ಒತ್ತಿದ ಕೀವು ಹೊರಗೆ ಬರುವ ಬದಲು ಒಳಕ್ಕೆ ಹೋಗಬಹುದು. ಕುರುವಿನ ನಡುವೆ ಇರುವ ರೆಪ್ಪೆಗೂದಲನ್ನು ಕೀಳುವ ಅಭ್ಯಾಸ ಕೆಲವರಿಗಿದೆ, ಅದನ್ನು ಡಾಕ್ಟರಿಗೆ ಬಿಡಿ.

ಸುಣ್ಣ ಹಚ್ಚುವುದು ಎಲ್ಲಕ್ಕಿಂತ ಅಪಾಯದ್ದು. ಮೈಮೇಲಿನ ಕುರುವಿಗೆ ಸುಣ್ಣ, ಬೆಲ್ಲ ಹಚ್ಚುವ ರೂಢಿ ನಮ್ಮಲ್ಲಿದೆ. ಅದನ್ನೇ ರೆಪ್ಪೆಗೆ ಹಚ್ಚಿ ಒಂದು ಚೂರು ಕಣ್ಣೊಳಗೆ ಜಾರಿದರೆ ಕರಿಗುಡ್ಡೆಯನ್ನೇ ಸುಡುತ್ತದೆ, ದೃಷ್ಟಿ ಹೋಗಬಹುದು. ಅಕಸ್ಮಾತ್ ಹೋದರೆ ಆ ಕ್ಷಣದಿಂದ ನಲ್ಲಿ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ತೊಳೆದು ನೇರ ಆಸ್ಪತ್ರೆಗೆ ಓಡಿ. ಹರಳೆಣ್ಣೆ, ಜೇನು, ಎದೆಹಾಲು, ನಂದಿಬಟ್ಟಲು ಹೂವಿನ ರಸ ಇವು ಸುಣ್ಣದಷ್ಟು ಕೆಡುಕಲ್ಲ. ಆದರೆ ಯಾವುದೂ ಕ್ರಿಮಿಶುದ್ಧವಲ್ಲ, ಕಣ್ಣೊಳಗೆ ಹಾಕುವ ವಸ್ತುಗಳಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣ ಮೇಲೆ ತಂಪಿಗೆಂದು ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಎಳನೀರೂ ಕುಡಿಯಿರಿ, ಗಂಟಿಗಲ್ಲ, ಬಾಯಾರಿಕೆಗೆ.

ಇನ್ನು ನನಗೆ ಮೆಡಿಕಲ್‌ನಲ್ಲಿ ಕೊಟ್ಟ ಆ ಡ್ರಾಪ್ಸ್. ಅದರಲ್ಲಿ ಆಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಇತ್ತು. ಹಾಕಿದಾಗ ಕೆಂಪು ಬೇಗ ಇಳಿಯುವುದರಿಂದ ಜನರಿಗೆ ಅದರ ಮೇಲೆ ನಂಬಿಕೆ. ವಾರಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಆಗಬಹುದು, ಪೊರೆ ಬರಬಹುದು, ಹರ್ಪಿಸ್ ಅಥವಾ ಫಂಗಸ್ ಸೋಂಕು ಇದ್ದರೆ ಹೊತ್ತಿ ಉರಿಯಬಹುದು. ಲೇಬಲ್‌ನಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಫ್ಲೂರೋಮೆಥೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಡಾಕ್ಟರು ಬರೆದುಕೊಡದೆ ಅದನ್ನು ಮುಟ್ಟಬೇಡಿ.

ಹಾಗಾದರೆ ಆಂಟಿಬಯೋಟಿಕ್ ಬೇಕೇ ಬೇಡವೇ? ಕಲೇಜಿಯನ್‌ನಲ್ಲಿ ಸೋಂಕೇ ಇಲ್ಲ, ಆದ್ದರಿಂದ ಬರೀ ಗಂಟಿಗೆಂದು ಬೇಡ. ಕುರುವಿನಲ್ಲಿ ಅಂಚಿನಿಂದ ಗೀಜು ಬರುತ್ತಿದ್ದರೆ, ಸುತ್ತಲೂ ಹರಡುತ್ತಿದ್ದರೆ ಡಾಕ್ಟರು ಮುಲಾಮು ಕೊಡುತ್ತಾರೆ. ಊತ ರೆಪ್ಪೆಯಿಡೀ ಆವರಿಸಿದರೆ ಮಾತ್ರೆ. ಅಂಚಿನ ಉರಿಯೂತದಿಂದ ಪದೇಪದೇ ಗಂಟು ಏಳುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲವು ವಾರ ಕೊಡುವುದುಂಟು. ಅದು ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ದಿನ ಎಣಿಸುವುದು

ಗಂಟು ಕಂಡ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಇನ್ನೊಂದು. ‘ಸುಮಾರು ದಿನ ಆಯ್ತು ಡಾಕ್ಟ್ರೇ’ ಎನ್ನುವುದಕ್ಕಿಂತ ಆ ನಾಲ್ಕು ಫೋಟೋ ಅವರಿಗೆ ಹೆಚ್ಚು ಹೇಳುತ್ತವೆ.

ಕುರು ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಒಡೆದು ಒಣಗುತ್ತದೆ. ಸರಿಯಾಗಿ ಶಾಖ ಕೊಟ್ಟೂ ಎರಡು ದಿನದಲ್ಲಿ ನೋವು ಇಳಿಮುಖವಾಗದೆ ಏರುತ್ತಿದ್ದರೆ ತೋರಿಸಿ. ಕಲೇಜಿಯನ್ ನಿಧಾನ, ಕೆಲವು ವಾರಗಳಿಂದ ಕೆಲವು ತಿಂಗಳು. ಒಂದು ತಿಂಗಳ ಪ್ರಾಮಾಣಿಕ ಶಾಖಕ್ಕೂ ಕರಗದಿದ್ದರೆ, ಅಥವಾ ದೊಡ್ಡದಾಗಿ ಕಣ್ಣುಗುಡ್ಡೆಯನ್ನು ಒತ್ತಿ ನೋಟ ಮಂಜಾದರೆ ಕಣ್ಣಿನ ಡಾಕ್ಟರ ಸರದಿ. ವರ್ಷಕ್ಕೆ ನಾಲ್ಕಾರು ಸಲ ಕುರು ಏಳುವವರು ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

ಇವು ಕಂಡರೆ ಮಾತ್ರ ದಿನ ಎಣಿಸಬೇಡಿ, ಅವತ್ತೇ ಹೊರಡಿ: ಜ್ವರದ ಜೊತೆ ಇಡೀ ರೆಪ್ಪೆ ಊದಿ ಕಣ್ಣು ತೆರೆಯಲಾಗದಿರುವುದು, ಕಣ್ಣುಗುಡ್ಡೆ ಹೊರಳಿಸಿದರೆ ನೋವು, ಗುಡ್ಡೆ ಮುಂದಕ್ಕೆ ಬಂದಂತೆ ಕಾಣುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಇಳಿಯುವುದು. ಸೋಂಕು ಕಣ್ಣಿನ ಗೂಡಿಗೆ ಇಳಿದಿರುವುದರ ಗುರುತು ಇವು. ರಾತ್ರಿ ಎರಡು ಗಂಟೆಯಾದರೂ ಸರಿ, ಕಣ್ಣಿನ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಂಗಳೂರಿನವರಿಗೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಉಳಿದೆಡೆ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ನೇತ್ರ ವಿಭಾಗ ಇರುತ್ತದೆ.

ಮಕ್ಕಳ ವಿಷಯದಲ್ಲಿ ತಾಳ್ಮೆ ಕಡಿಮೆ ಇರಲಿ. ಏಳೆಂಟು ವರ್ಷದೊಳಗೆ ಕಣ್ಣೂ ಮಿದುಳೂ ಸೇರಿ ನೋಡುವುದನ್ನು ಕಲಿಯುತ್ತಿರುತ್ತವೆ. ದೊಡ್ಡ ಗಂಟು ರೆಪ್ಪೆಯನ್ನು ಜೋತುಬೀಳಿಸಿದರೆ, ಅಥವಾ ಗುಡ್ಡೆಯನ್ನು ಒತ್ತಿ ಅದರ ಆಕಾರ ಕೆಡಿಸಿದರೆ, ಆ ಕಣ್ಣು ಸೋಮಾರಿಯಾಗಿ ಉಳಿದುಬಿಡಬಹುದು.

ಗಂಟಿನ ವೇಷದಲ್ಲಿ ಬರುವುದು

ನಮ್ಮ ದೊಡ್ಡಮ್ಮನಿಗೆ ಅರವತ್ತೆರಡು ದಾಟಿದ ಮೇಲೆ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಗಂಟು. ಒಂದು ಸಲ ತೆಗೆಸಿದರು, ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಮತ್ತೆ ತೆಗೆಸಿದರು, ಮತ್ತೆ ಬಂತು. ನೋವಿಲ್ಲವಲ್ಲ ಎಂದು ಅವರೂ ಸುಮ್ಮನಿದ್ದರು. ಮೂರನೆಯ ಸಲ ಬೇರೆ ಡಾಕ್ಟರು ಟಾರ್ಚ್ ಹಿಡಿದು ನೋಡಿ, ‘ಅಮ್ಮಾ, ಇಲ್ಲಿ ರೆಪ್ಪೆಗೂದಲು ಯಾವಾಗಿನಿಂದ ಇಲ್ಲ?’ ಎಂದು ಕೇಳಿದರು. ಗಂಟಿನ ಮುಂದಿನ ಅಂಚು ಬೋಳಾಗಿತ್ತು. ನಾವು ಯಾರೂ ಗಮನಿಸಿರಲಿಲ್ಲ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದಾಗ ಜಿಡ್ಡಿನ ಗ್ರಂಥಿಯ ಕ್ಯಾನ್ಸರ್ ಎಂದು ಬಂತು.

ಪಾಶ್ಚಾತ್ಯ ದೇಶಗಳಲ್ಲಿ ರೆಪ್ಪೆಯ ಕ್ಯಾನ್ಸರ್ ಎಂದರೆ ಬಹುಪಾಲು ಬೇಸಲ್ ಸೆಲ್ ಕಾರ್ಸಿನೋಮಾ, ಹೆಚ್ಚಾಗಿ ಕೆಳರೆಪ್ಪೆಯಲ್ಲಿ, ಮುತ್ತಿನಂಥ ಅಂಚು ಇರುವ ಆರದ ಹುಣ್ಣು. ಭಾರತದಲ್ಲಿ ಜಿಡ್ಡಿನ ಗ್ರಂಥಿಯ ಕ್ಯಾನ್ಸರ್‌ನ ಪಾಲು ಬಹಳ ದೊಡ್ಡದು. ಗ್ರಂಥಿಗಳು ಮೇಲ್ರೆಪ್ಪೆಯಲ್ಲಿ ಹೆಚ್ಚಿರುವುದರಿಂದ ಇದು ಬರುವುದೂ ಅಲ್ಲೇ ಜಾಸ್ತಿ, ನೋಡಲು ಥೇಟ್ ಕಲೇಜಿಯನ್. ಆದ್ದರಿಂದ ನಡುವಯಸ್ಸು ದಾಟಿದವರಲ್ಲಿ ಗಂಟು ಅದೇ ಜಾಗಕ್ಕೆ ಮರಳಿ ಬಂದರೆ, ರೆಪ್ಪೆಗೂದಲು ಉದುರಿದರೆ, ಅಂಚು ಹುಣ್ಣಾಗಿ ರಕ್ತ ಜಿನುಗಿದರೆ, ಅಥವಾ ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಗಿದ್ದರೆ, ‘ಬಯಾಪ್ಸಿಗೆ ಕಳಿಸ್ತೀರಾ ಡಾಕ್ಟ್ರೇ?’ ಎಂದು ನೀವೇ ಕೇಳಿ. ದೊಡ್ಡಮ್ಮನ ಗಂಟು ರೆಪ್ಪೆ ದಾಟಿರಲಿಲ್ಲ. ರೆಪ್ಪೆಯ ಒಂದು ಭಾಗ ತೆಗೆದು ಹೊಸದಾಗಿ ಕಟ್ಟಿಕೊಟ್ಟರು, ಈಗಲೂ ಹೂ ಕಟ್ಟುತ್ತಾರೆ.

ಕರಗದ ಗಂಟಿಗೆ

ಎರಡು ದಾರಿ. ಒಂದು, ಗಂಟಿನೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್. ಕಣ್ಣೀರಿನ ನಾಳದ ಹತ್ತಿರ ಇದ್ದು ಕತ್ತರಿ ಹಾಕಲು ಕಷ್ಟವಾದ ಗಂಟಿಗೆ ಇದು ಒಳ್ಳೆಯದು. ನಮ್ಮಂಥ ಕಂದು ಮೈಬಣ್ಣದವರಿಗೆ ಸೂಜಿ ಚುಚ್ಚಿದಲ್ಲಿ ಚರ್ಮ ಬೆಳ್ಳಗಾಗುವ ಸಾಧ್ಯತೆ ಇದೆ, ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಸಣ್ಣ ಆಪರೇಷನ್. ನನ್ನ ಮೂರನೆಯ ಗಂಟಿಗೆ ಮಾಡಿಸಿಕೊಂಡೆ. ರೆಪ್ಪೆಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ನಿಜವಾಗಿ ನೋಯುವುದು ಅದೊಂದೇ, ಇಪ್ಪತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಉಂಗುರದಂಥ ಒಂದು ಇಕ್ಕಳ ಹಾಕಿ ರೆಪ್ಪೆಯನ್ನು ಮಗುಚಿ, ಒಳಭಾಗದಿಂದ ಉದ್ದಕ್ಕೆ ಸಣ್ಣದಾಗಿ ಕೊಯ್ದು, ಪುಟ್ಟ ಚಮಚದಂಥ ಉಪಕರಣದಿಂದ ಒಳಗಿನದನ್ನು ಕೆರೆದು ತೆಗೆಯುತ್ತಾರೆ. ಒಳಗಿನಿಂದ ಕೊಯ್ಯುವುದರಿಂದ ಹೊರಗೆ ಕಲೆ ಇಲ್ಲ, ಹೊಲಿಗೆಯೂ ಇಲ್ಲ. ಹದಿನೈದು ನಿಮಿಷದ ಕೆಲಸ. ಚಿಕ್ಕ ಮಕ್ಕಳಿಗಾದರೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಹೋಗುವಾಗ ಜೊತೆಗೆ ಒಬ್ಬರಿರಲಿ. ಕಣ್ಣಿಗೆ ಪ್ಯಾಡ್ ಕಟ್ಟಿ ಕಳಿಸುತ್ತಾರೆ, ಗಾಡಿ ಓಡಿಸುವಂತಿಲ್ಲ. ಕೆಲವು ಗಂಟೆಯ ನಂತರ ಪ್ಯಾಡ್ ತೆಗೆದಾಗ ಕಣ್ಣೀರಿನಲ್ಲಿ ಕೆಂಪು ಎಳೆ ಕಾಣಬಹುದು, ಗಾಬರಿ ಬೇಡ. ಮುಲಾಮು ಒಂದು ವಾರ. ರೆಪ್ಪೆ ಹಣ್ಣು ನೇರಳೆಯ ಬಣ್ಣಕ್ಕೆ ತಿರುಗಿ ಹತ್ತು ದಿನದಲ್ಲಿ ತಿಳಿಯಾಗುತ್ತದೆ. ಆ ಹತ್ತು ದಿನ ‘ಯಾರ ಹತ್ರ ಹೊಡೆಸ್ಕೊಂಡ್ರಿ ಸಾರ್?’ ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರು. ಊತ ಇಳಿದ ಮೇಲೆ ಪಂಚೆಯ ಆ ಎರಡು ತುಂಡುಗಳನ್ನು ಮತ್ತೆ ಕೈಗೆತ್ತಿಕೊಂಡೆ. ಈಗ ದಿನಕ್ಕೆ ಒಂದೇ ಸಲ, ರಾತ್ರಿ, ಮೂರು ಹಾಡು.